ಜಗಲಿಯ ಮೇಲೊಂದು ಕಾರ್ಬೊನೇಟು

ಮಾಡಿದ ಸಾಲವನ್ನಾದರೂ ತೀರಿಸಬಹುದು, ಓದಿದ ಬಿ.ಎಸ್ಸಿ.ಯನ್ನು ತೀರಿಸಿಕೊಳ್ಳುವ ದಾರಿ ಇಲ್ಲ. ನಾನು ಅದನ್ನು ಮುಗಿಸಿ, ಅಚ್ಚುಕಟ್ಟಾಗಿ ಮರೆತು, ಬ್ಯಾಂಕು ಸೇರಿ, ಕಂಡವರ ದುಡ್ಡು ಎಣಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡು, ಈಗ ಸಾಗರದ ಕಡೆಯ ಹಳೇ ಮನೆಗೆ ಬಂದು ಕೂತಿದ್ದೇನೆ. ಆದರೂ ಊರಿನವರ ಪಾಲಿಗೆ ನಾನು ಇವತ್ತಿಗೂ 'ಕೆಮಿಸ್ಟ್ರಿ ಓದಿದವರು'. ಬಾವಿ ನೀರಿನಲ್ಲಿ ಬೇಳೆ ಬೇಯದಿದ್ದರೆ ನನ್ನನ್ನು ಕೇಳುತ್ತಾರೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಸರಿಯಾಗಿದೆಯೋ ಇಲ್ಲವೋ ಎಂದು ಕೇಳುತ್ತಾರೆ. ಕಬ್ಬಿಣದ ಕತ್ತಿ ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸಿ ಎಂದು ಗಂಭೀರವಾಗಿ ಹೇಳುತ್ತೇನೆ. ಇದು ಅವರ ಅಪ್ಪಂದಿರಿಗೇ ಗೊತ್ತಿದ್ದ ವಿಷಯ, ನನ್ನ ಬಾಯಿಂದ ಬಂದರೆ ಅವರಿಗೊಂದು ಸಮಾಧಾನ. ಒಮ್ಮೆ ಒಬ್ಬರು ತಲೆಗೆ ಹಚ್ಚುವ ಬಣ್ಣದ ಡಬ್ಬಿ ತಂದು, ಅದರ ಹಿಂದಿನ ಇರುವೆಸಾಲಿನ ಅಕ್ಷರವನ್ನೆಲ್ಲ ನನ್ನಿಂದ ಓದಿಸಿ, "ಇದು ಹಚ್ಚಿದರೆ ಏನಾಗ್ತದೆ?" ಎಂದರು. "ಕಪ್ಪಾಗ್ತದೆ" ಎಂದೆ. ತೃಪ್ತರಾಗಿ ಹೋದರು.

ಇಂಥ ಸುಖದ ದಿನಗಳಲ್ಲಿ ತಮ್ಮನ ಮಗಳು ಮೊದಲ ಪಿಯುಸಿಗೆ ವಿಜ್ಞಾನ ತೆಗೆದುಕೊಂಡಳು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಅಣು, ಪರಮಾಣು, ಬಂಧ ಎಂದುಕೊಂಡು ಹಾಯಾಗಿದ್ದ ಹುಡುಗಿ. ಪಿಯುಸಿಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಮಳೆಗಾಲ ಹಿಡಿದ ಹೊತ್ತಿಗೆ ಅವಳ ತಲೆಯ ಮೇಲೆ ಬಾಂಡು, ಅಯಾನು, ಆರ್ಬಿಟಲ್ಲುಗಳೂ ಸುರಿಯತೊಡಗಿದ್ದವು. ಒಂದು ಭಾನುವಾರ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ಬಂದವಳೇ, "ದೊಡ್ಡಪ್ಪ, ಪಾಲಿಅಟಾಮಿಕ್ ಅಯಾನುಗಳ ರೆಸೊನೆನ್ಸ್ ಸ್ಟ್ರಕ್ಚರ್ ಬರೆಯೋದು ಹೇಳ್ಕೊಡು. ನಮ್ಮ ಸರ್ ಬೋರ್ಡ್ ಮೇಲೆ ಮೂರು ಚಿತ್ರ ಬರೆದು, ಇದರಲ್ಲಿ ಯಾವುದೂ ಸರಿಯಲ್ಲ, ಆದರೆ ಮೂರನ್ನೂ ಬರೀಬೇಕು ಅಂದ್ರು. ಅಷ್ಟರಲ್ಲಿ ಬೆಲ್ ಹೊಡೀತು" ಎಂದಳು.

ಬೆಲ್ ಹೊಡೆಯದೆ ಹೋಗಿದ್ದರೆ ಆ ಮೇಷ್ಟ್ರು ಎಲ್ಲಿಗೆ ಹೋಗಿ ಮುಟ್ಟುತ್ತಿದ್ದರೋ! ಇದೆ ಎನ್ನಲಾಗದ, ಇಲ್ಲವೆನ್ನಲೂ ಬಾರದ ವಸ್ತುವಿನ ಬಗ್ಗೆ ನಮ್ಮವರು ಸಾವಿರ ವರ್ಷಕ್ಕೂ ಮೇಲ್ಪಟ್ಟು ಚರ್ಚೆ ಮಾಡಿದ್ದಾರೆ. ಶೃಂಗೇರಿ ನಮ್ಮೂರಿಂದ ಬಹಳ ದೂರವೂ ಅಲ್ಲ. ಆದರೆ ಅಲ್ಲಿ ಇಂಥ ಪ್ರಶ್ನೆಗೆ ಎರಡು ಮಾರ್ಕು ಕೊಡುವ ಪದ್ಧತಿ ಇದ್ದಂತಿಲ್ಲ.

ಕಾಗದದ ಮೇಲೆ ಹೇಳಿಕೊಡಬಹುದಿತ್ತು. ಆದರೆ ಕಲಿಸುವವನಿಗೆ ಕೈ ಬೀಸಿ ಬರೆಯುವಷ್ಟು ಜಾಗ ಬೇಕು. ಸಣ್ಣ ಜಾಗದಲ್ಲಿ ಅವನ ಅಜ್ಞಾನ ಬೇಗ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಮೊಮ್ಮಗನ ಡಬ್ಬಿಯಿಂದ ಚಾಕ್‌ಪೀಸು ಕದ್ದುಕೊಂಡು ಜಗಲಿಯ ರೆಡ್ ಆಕ್ಸೈಡ್ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಈಗಿನ ಚಾಕ್‌ಪೀಸು ಬಹುಮಟ್ಟಿಗೆ ಜಿಪ್ಸಮ್ಮಿನದು, ಅಂದರೆ ಕ್ಯಾಲ್ಸಿಯಂ ಸಲ್ಫೇಟು. ನಿಜವಾದ ಸೀಮೆಸುಣ್ಣವಾದರೆ ಕ್ಯಾಲ್ಸಿಯಂ ಕಾರ್ಬೊನೇಟು. ಯಾವುದೇ ಇರಲಿ, ಮೇಷ್ಟ್ರು ಅಯಾನಿನ ಚಿತ್ರ ಬರೆಯುವಾಗ ಅವರ ಬೆರಳಿನಿಂದ ಅಯಾನುಗಳೇ ಉದುರಿ ಪಂಚೆಯ ಮೇಲೆ ಬೀಳುತ್ತಿರುತ್ತವೆ. ಪಾಲಿಅಟಾಮಿಕ್ ಅಯಾನು ಎಂದರೆ ಮತ್ತೇನಲ್ಲ, ಹಲವು ಪರಮಾಣುಗಳು ಕೂಡಿಕೊಂಡು, ಎಲ್ಲ ಸೇರಿ ಒಂದೋ ಎರಡೋ ಎಲೆಕ್ಟ್ರಾನು ಹೆಚ್ಚಿಗೆ ಇಟ್ಟುಕೊಂಡದ್ದು, ಇಲ್ಲವೇ ಕಳೆದುಕೊಂಡದ್ದು. ಹೆಸರಿಗೆ ಹೆದರಬೇಕಾಗಿಲ್ಲ. ಅಡುಗೆ ಸೋಡಾದಲ್ಲಿ ಬೈಕಾರ್ಬೊನೇಟು ಇದೆ, ಪೆಟ್ಲುಪ್ಪಿನಲ್ಲಿ ನೈಟ್ರೇಟು, ಮೈಲುತುತ್ತದಲ್ಲಿ ಸಲ್ಫೇಟು, ಡಿಎಪಿ ಗೊಬ್ಬರದ ಚೀಲದಲ್ಲಿ ಅಮೋನಿಯಂ ಮತ್ತು ಫಾಸ್ಫೇಟಿನ ಕುಲದ್ದೊಂದು. ಗೋಡೆಗೆ ಬಳಿದ ಹಸಿ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗಿ ಕಾರ್ಬೊನೇಟಾಗುತ್ತದೆ. "ನೀನು ಈಗ ಒರಗಿಕೊಂಡಿದ್ದೀಯಲ್ಲ, ಅದು ಕಾರ್ಬೊನೇಟಿನ ಗೋಡೆ" ಎಂದೆ. ಅವಳು ಗೋಡೆ ಬಿಟ್ಟು ನೆಟ್ಟಗೆ ಕೂತಳು.

ಈ ಚಿತ್ರ ಬರೆಯುವ ವಿದ್ಯೆಯನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಇದು ಶುದ್ಧಾಂಗ ಚುಕ್ಕಿ ರಂಗೋಲಿ. ಮೊದಲು ಚುಕ್ಕಿ ಎಷ್ಟೆಂದು ಲೆಕ್ಕ ಹಾಕಬೇಕು, ಆಮೇಲೆ ಗೆರೆ ಎಳೆಯಬೇಕು. ಒಂದು ಚುಕ್ಕಿ ಹೆಚ್ಚುಕಡಿಮೆಯಾದರೆ ಕೊನೆಯಲ್ಲಿ ಹೂವಿನ ಬದಲು ಗೋಜಲು ಬರುತ್ತದೆ. ಕಾರ್ಬೊನೇಟಿಗೆ ಇಂಗಾಲದ ಹೊರಕವಚದ ಎಲೆಕ್ಟ್ರಾನು 4, ಮೂರು ಆಮ್ಲಜನಕದ್ದು ತಲಾ ಆರರಂತೆ 18, ಮೈಮೇಲಿನ ಎರಡು ಋಣ ಚಾರ್ಜಿಗೆ ಇನ್ನೆರಡು. ಒಟ್ಟು 24 ಚುಕ್ಕಿ. ಋಣ ಎಂದರೆ ಕಳೆಯಬೇಕು ಎಂದು ಹುಡುಗರು 22 ಮಾಡುತ್ತಾರೆ. ಎಲೆಕ್ಟ್ರಾನೇ ಋಣ, ಆದ್ದರಿಂದ ಋಣ ಚಾರ್ಜ್ ಇದ್ದರೆ ಕೂಡಬೇಕು, ಧನ ಇದ್ದರೆ ಕಳೆಯಬೇಕು. ಬ್ಯಾಂಕಿನಲ್ಲಿ ಅಷ್ಟು ವರ್ಷ ಕೂತ ನನಗೂ ಈ ಉಲ್ಟಾ ಖಾತೆ ಪ್ರತಿ ಸಲ ಕಸಿವಿಸಿ ಮಾಡುತ್ತದೆ.

ಇನ್ನು ಇಂಗಾಲವನ್ನು ನಡುವೆ ಕೂರಿಸಿ, ಸುತ್ತ ಮೂರು ಆಮ್ಲಜನಕ ಇಟ್ಟು, ಒಂದೊಂದು ಗೆರೆ ಎಳೆಯಿರಿ. ಗೆರೆಯೊಂದಕ್ಕೆ ಎರಡು ಚುಕ್ಕಿಯಂತೆ ಆರು ಖರ್ಚಾಯಿತು. ಉಳಿದ 18ನ್ನು ಆಮ್ಲಜನಕಗಳಿಗೆ ತಲಾ ಆರರಂತೆ ಹಂಚಿದರೆ ಅವಕ್ಕೆ ಎಂಟೆಂಟು ಆಗಿ ಹೊಟ್ಟೆ ತುಂಬುತ್ತದೆ. ಇಂಗಾಲದ ಸುತ್ತ ಮಾತ್ರ ಆರೇ ಉಳಿಯುತ್ತವೆ. ಈ ಎಂಟರ ಆಚಾರವನ್ನೂ ಚುಕ್ಕಿಯ ಪದ್ಧತಿಯನ್ನೂ ಹಾಕಿಕೊಟ್ಟವನು ಅಮೆರಿಕದ ಗಿಲ್ಬರ್ಟ್ ಲೂಯಿಸ್, 1916ರ ಒಂದು ಲೇಖನದಲ್ಲಿ. ಅದಕ್ಕೂ ಮೊದಲೇ ಪಾಠ ಹೇಳುವಾಗ ಪರಮಾಣುವನ್ನು ಘನಾಕೃತಿಯಾಗಿ ಬರೆದು ಎಂಟು ಮೂಲೆಗೆ ಎಂಟು ಎಲೆಕ್ಟ್ರಾನು ಕೂರಿಸುತ್ತಿದ್ದನಂತೆ. ಹಲವು ಸಲ ಹೆಸರು ಹೋದರೂ ಅವನಿಗೆ ನೊಬೆಲ್ ಬರಲಿಲ್ಲ. 1946ರಲ್ಲಿ ತನ್ನ ಪ್ರಯೋಗಾಲಯದಲ್ಲೇ ತೀರಿಹೋದ. ಜಗತ್ತಿನ ಪ್ರತಿ ಹೈಸ್ಕೂಲು ಹುಡುಗನೂ ಅವನ ಚುಕ್ಕಿ ಇಡುತ್ತಾನೆ ಎನ್ನುವುದು ನೊಬೆಲ್ಲಿಗಿಂತ ದೊಡ್ಡದೋ ಸಣ್ಣದೋ ನನಗೆ ತೀರ್ಮಾನಿಸಲಾಗಿಲ್ಲ. ಹುಡುಗರನ್ನು ಕೇಳಿದರೆ ಅವರು ಲೂಯಿಸನಿಗೆ ಬೇರೆಯೇ ಬಹುಮಾನ ಕೊಟ್ಟಾರು.

ಇಂಗಾಲದ ಕೊರತೆ ತುಂಬುವ ಉಪಾಯ ಇಷ್ಟೇ: ಒಂದು ಆಮ್ಲಜನಕ ತನ್ನ ಒಂದು ಜೊತೆ ಚುಕ್ಕಿಯನ್ನು ಇಂಗಾಲದ ಕಡೆಗೆ ಸರಿಸಿ ಜೋಡಿಗೆರೆ ಮಾಡಿಕೊಳ್ಳಬೇಕು. ಆಗ ಜೋಡಿಗೆರೆಯ ಆಮ್ಲಜನಕಕ್ಕೆ ಚಾರ್ಜ್ ಇಲ್ಲ, ಒಂಟಿಗೆರೆಯ ಎರಡಕ್ಕೆ ಒಂದೊಂದು ಋಣ. ಲೆಕ್ಕ ಸರಿಹೋಯಿತು. ಆದರೆ ಯಾವ ಆಮ್ಲಜನಕ ಸರಿಸಬೇಕು?

"ಮೇಲಿಂದು" ಎಂದಳು.

"ಯಾಕೆ?"

"ಅದು ಮೇಲಿದೆ."

ಮೂರೂ ಆಮ್ಲಜನಕವೇ, ಯಾವುದಕ್ಕೂ ಹಿರಿತನ ಇಲ್ಲ. ಹಾಗಾಗಿ ಮೇಲಿನದಕ್ಕೆ ಒಂದು ಚಿತ್ರ, ಎಡದ್ದಕ್ಕೆ ಒಂದು, ಬಲದ್ದಕ್ಕೆ ಒಂದು. ಮೂರಕ್ಕೂ ಚೌಕ ಬ್ರ್ಯಾಕೆಟ್ಟು, ಬ್ರ್ಯಾಕೆಟ್ಟಿನ ನೆತ್ತಿಯ ಮೂಲೆಯಲ್ಲಿ ಚಾರ್ಜು, ನಡುನಡುವೆ ಎರಡೂ ಕಡೆ ಮೊನೆ ಇರುವ ಬಾಣ. ಕತ್ತಲಾಯಿತು, ಮಳೆ ಬಂತು, ಹುಡುಗಿ ಓಡಿದಳು. ನಾನು ಚಿತ್ರವನ್ನು ಒರೆಸಲಿಲ್ಲ. ಸ್ವಲ್ಪ ಹೆಮ್ಮೆಯೂ ಇತ್ತು.

ಮಾರನೇ ದಿನ ಅಮಾವಾಸ್ಯೆ. ಬೆಳಗಾಗುವ ಹೊತ್ತಿಗೆ ಹಾಲು ತಂದಾಕೆ ಜಗಲಿ ಹತ್ತಲಿಲ್ಲ. ದಣಪೆಯ ಹತ್ತಿರವೇ ನಿಂತು ನನ್ನ ಹೆಂಡತಿಯನ್ನು ಕೂಗಿ ಕರೆದು, "ಅಮ್ಮಾ, ರಾತ್ರಿ ಯಾರೋ ನಿಮ್ಮನೆ ಬಾಗಿಲಲ್ಲಿ ಏನೋ ಬರೆದಿಟ್ಟು ಹೋಗಿದಾರೆ. ದಾಟಬೇಡಿ" ಎಂದಳು. ಮೂರು ಮಂಡಲ, ಒಳಗೆ ಸೊನ್ನೆಗಳು, ಸೊನ್ನೆಯ ಸುತ್ತ ಕಣ್ಣಿನ ಹಾಗೆ ಜೋಡಿ ಜೋಡಿ ಚುಕ್ಕಿ, ನಡುವೆ ಬಾಣ. ಮಾಟವಲ್ಲದೆ ಇನ್ನೇನು? ಮಧ್ಯಾಹ್ನದೊಳಗೆ ಸುದ್ದಿ ಕೇರಿ ದಾಟಿ, ಹಿರಿಯರೊಬ್ಬರು ಚೌಡಿಗೆ ಒಂದು ಕಾಯಿ ಒಡೆಸಿಬಿಡಿ ಎಂದು ಫೋನು ಮಾಡಿದರು. ನನ್ನಾಕೆ ಬಂದು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಮೂವತ್ತು ಚುಕ್ಕಿಯ ತೇರನ್ನು ಒಂದೇ ಉಸಿರಿಗೆ ಬರೆಯುವ ಕೈ ಅವಳದು. "ಇಪ್ಪತ್ನಾಕು ಚುಕ್ಕಿಗೆ ಒಂದು ರಂಗೋಲಿ ಬರೆಯೋಕಾಗದೆ ಮೂರು ಬರೆದ್ರಾ?" ಎಂದಳು.

ರಸಾಯನಶಾಸ್ತ್ರಜ್ಞರ ಇಡೀ ಸಂಕಟವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ. ವಸ್ತು ಒಂದೇ. ಅದನ್ನು ಒಂದೇ ಚಿತ್ರದಲ್ಲಿ ಬರೆಯುವಷ್ಟು ನಮ್ಮ ಚುಕ್ಕಿ ಮತ್ತು ಗೆರೆಗೆ ತಾಕತ್ತಿಲ್ಲ.

ಒಂದೇ ಎಂದು ಹೇಗೆ ಗೊತ್ತು ಎಂದರೆ, ಅಳೆದು ನೋಡಿದ್ದಾರೆ. ಲಾರೆನ್ಸ್ ಬ್ರ್ಯಾಗ್ ಎಂಬ ತರುಣ 1914ರ ಹೊತ್ತಿಗೆ ಎಕ್ಸ್-ಕಿರಣ ಹಾಯಿಸಿ ಕ್ಯಾಲ್ಸೈಟ್ ಹರಳಿನ ಒಳರಚನೆ ಬಿಡಿಸಿದ. ಕ್ಯಾಲ್ಸೈಟೆಂದರೆ ಸುಣ್ಣದ ಕಾರ್ಬೊನೇಟೇ, ಹರಳಾಗಿ ಬೆಳೆದದ್ದು. ಮರುವರ್ಷ ತಂದೆಯ ಜೊತೆ ನೊಬೆಲ್ ಪಡೆದಾಗ ಅವನಿಗೆ 25 ವರ್ಷ. ನನಗೆ ಆ ವಯಸ್ಸಿನಲ್ಲಿ ಬ್ಯಾಂಕಿನ ಪ್ರೊಬೇಷನರಿ ಪತ್ರ ಸಿಕ್ಕಿತ್ತು, ಮನೆಯಲ್ಲಿ ಅದಕ್ಕೂ ಪಾಯಸ ಮಾಡಿದ್ದರು. ಇಂಗಾಲ, ಆಮ್ಲಜನಕದ ನಡುವೆ ಒಂಟಿಗೆರೆ ಇದ್ದರೆ ದೂರ ಸುಮಾರು 1.43 ಆಂಗ್‌ಸ್ಟ್ರಾಂ, ಜೋಡಿಗೆರೆಯಾದರೆ ಸುಮಾರು 1.2. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ಆಂಗ್‌ಸ್ಟ್ರಾಂ. ನಮ್ಮ ಚಿತ್ರ ನಿಜವಾಗಿದ್ದರೆ ಕಾರ್ಬೊನೇಟಿನಲ್ಲಿ ಒಂದು ಗಿಡ್ಡ, ಎರಡು ಉದ್ದ ಬಂಧ ಇರಬೇಕಿತ್ತು. ಇರುವುದು ಮೂರೂ ಒಂದೇ ಅಳತೆ, ಸುಮಾರು 1.29. ಗಿಡ್ಡವೂ ಇಲ್ಲ, ಉದ್ದವೂ ಇಲ್ಲ. ಎರಡು ಋಣ ಚಾರ್ಜನ್ನು ಮೂರು ಆಮ್ಲಜನಕಗಳೂ ಮೂರರಲ್ಲೆರಡು ಪಾಲಿನಂತೆ ಹಂಚಿಕೊಂಡಿವೆ. ಆಸ್ತಿ ಪಾಲಿನಲ್ಲಿ ಇಷ್ಟು ಕರಾರುವಾಕ್ಕಾದ ಹಂಚಿಕೆಯನ್ನು ನಮ್ಮ ತಾಲ್ಲೂಕಿನಲ್ಲಿ ನಾನು ಕೇಳಿದ್ದೇ ಇಲ್ಲ.

ಕ್ಯಾಲ್ಸೈಟಿನ ತಿಳಿಯಾದ ಹರಳನ್ನು ಅಕ್ಷರದ ಮೇಲಿಟ್ಟು ನೋಡಿದರೆ ಒಂದಕ್ಷರ ಎರಡಾಗಿ ಕಾಣುತ್ತದೆ. 1669ರಲ್ಲೇ ಡೆನ್ಮಾರ್ಕಿನ ಬಾರ್ತೊಲಿನ್ ಇದನ್ನು ಬರೆದಿಟ್ಟಿದ್ದಾನೆ. ಹರಳಿನೊಳಗೆ ಚಪ್ಪಟೆ ಕಾರ್ಬೊನೇಟುಗಳೆಲ್ಲ ಒಂದಕ್ಕೊಂದು ಸಮಾಂತರವಾಗಿ ಮಲಗಿರುವುದೇ ಅದಕ್ಕೆ ಮುಖ್ಯ ಕಾರಣ. ನಾವು ಕಾರ್ಬೊನೇಟಿನ ಮೂಲಕ ನೋಡಿದರೆ ಒಂದು ಎರಡಾಗುತ್ತದೆ, ಕಾರ್ಬೊನೇಟನ್ನೇ ಬರೆಯಹೊರಟರೆ ಒಂದು ಮೂರಾಗುತ್ತದೆ. ಇದರ ಸಹವಾಸವೇ ಹೀಗೆ.

ಹುಡುಗಿ ಮತ್ತೆ ಬಂದಾಗ ಕೇಳಿದ್ದು, ಎಲ್ಲ ಹುಡುಗರೂ ಕೇಳುವ ಪ್ರಶ್ನೆ: "ಅದು ಒಂದರಿಂದ ಒಂದಕ್ಕೆ ಸೆಕೆಂಡಿಗೆ ಎಷ್ಟು ಸಲ ಬದಲಾಗ್ತದೆ ದೊಡ್ಡಪ್ಪ?" ಒಂದು ಸಲವೂ ಇಲ್ಲ. ಜೋಡಿಗೆರೆ ಇವತ್ತು ಇವನ ಮನೆ, ನಾಳೆ ಅವನ ಮನೆ ಎಂದು ವಾರಾನ್ನಕ್ಕೆ ಹೋಗುವುದಿಲ್ಲ. ಅದು ಯಾವಾಗಲೂ ಒಂದೇ ಸ್ಥಿತಿಯಲ್ಲಿದೆ, ಆ ಸ್ಥಿತಿ ಈ ಮೂರರಲ್ಲಿ ಯಾವುದೂ ಅಲ್ಲ. ಈ ತಪ್ಪು ತಿಳಿವಳಿಕೆಯ ಪೂರ್ತಿ ಹೊಣೆಯನ್ನು ನಾನು ಆ ಬಾಣದ ಮೇಲೆ ಹೊರಿಸುತ್ತೇನೆ. ಬಾಣ ಕಂಡರೆ ಮನುಷ್ಯ ಯಾರೋ ಎಲ್ಲಿಗೋ ಹೊರಟಿದ್ದಾರೆ ಎಂದುಕೊಳ್ಳುತ್ತಾನೆ. ಕ್ರಿಯೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರೆ ಎದುರುಬದುರಾಗಿ ಎರಡು ಬಾಣ ಬರೆಯುತ್ತಾರೆ. ಒಂದೇ ವಸ್ತುವನ್ನು ಹೀಗೆ ಹಲವು ಚಿತ್ರಗಳಲ್ಲಿ ಬರೆಯುವ ರೆಸೊನೆನ್ಸಿಗೆ ಎರಡು ತಲೆಯ ಒಂದೇ ಬಾಣ. ಪರೀಕ್ಷೆಯಲ್ಲಿ ಇದಕ್ಕೆ ಅದು, ಅದಕ್ಕೆ ಇದು ಬರೆದು ಮಾರ್ಕು ಕಳೆದುಕೊಳ್ಳುವವರ ಸಂಖ್ಯೆ ಕಡಿಮೆಯೇನಲ್ಲ.

ಈ ಗೊಂದಲ ಬಿಡಿಸಲು ದೊಡ್ಡವರೂ ಒದ್ದಾಡಿದ್ದಾರೆ. ಷಿಕಾಗೋದ ವೀಲಂಡ್ ಹೇಸರಗತ್ತೆಯ ಉಪಮೆ ಕೊಟ್ಟ. ಹೇಸರಗತ್ತೆ ಒಂದು ಗಳಿಗೆ ಕುದುರೆ, ಒಂದು ಗಳಿಗೆ ಕತ್ತೆಯಾಗಿರುವುದಿಲ್ಲ. ಅದು ಸದಾ ಹೇಸರಗತ್ತೆಯೇ. ಆದರೆ ಕುದುರೆಯೂ ಕತ್ತೆಯೂ ನಿಜವಾಗಿ ಇರುವ ಪ್ರಾಣಿಗಳಾದ್ದರಿಂದ ಉಪಮೆ ಒಂದು ಕಾಲು ಕುಂಟುತ್ತದೆ. ಕ್ಯಾಲಿಫೋರ್ನಿಯಾದ ರಾಬರ್ಟ್ಸ್ ಅದನ್ನು ರಿಪೇರಿ ಮಾಡಿದ. ಹಳೆಗಾಲದ ಯುರೋಪಿನ ಪ್ರವಾಸಿಯೊಬ್ಬ ನಮ್ಮ ಕಡೆ ಬಂದು ಖಡ್ಗಮೃಗ ನೋಡಿದ ಎನ್ನಿ. ಊರಿಗೆ ಹೋಗಿ ಹೇಗೆ ವರ್ಣಿಸುತ್ತಾನೆ? ಬೆಂಕಿಯುಗುಳುವ ಡ್ರ್ಯಾಗನ್ನಿಗೂ ಒಂಟಿಕೊಂಬಿನ ಕುದುರೆಗೂ ನಡುವಿನದು ಎನ್ನುತ್ತಾನೆ. ಕೇಳಿದವರಿಗೆ ಆ ಎರಡೂ ಚಿತ್ರದಲ್ಲಿ ಕಂಡು ಗೊತ್ತು, ಆದರೆ ಅವೆರಡೂ ಇಲ್ಲವೇ ಇಲ್ಲ, ಇರುವುದು ಖಡ್ಗಮೃಗ ಮಾತ್ರ. ನನಗೆ ಇದು ಬಹಳ ಹಿಡಿಸಿತು. ಹುಡುಗಿಗೆ ಹೇಳಿದೆ. "ಇದು ಪರೀಕ್ಷೆಗೆ ಬರ್ತದಾ?" ಎಂದಳು.

ಇಷ್ಟು ಸಾಧು ವಿಷಯಕ್ಕಾಗಿ ಮನುಷ್ಯರು ಸಭೆ ಕರೆದು ಜಗಳವಾಡಿದ್ದೂ ಉಂಟು. ರೆಸೊನೆನ್ಸಿನ ಮುಖ್ಯ ಆಚಾರ್ಯ ಲೈನಸ್ ಪೌಲಿಂಗ್. ರಾಸಾಯನಿಕ ಬಂಧದ ಸ್ವರೂಪದ ಬಗ್ಗೆ ಅವನು 1939ರಲ್ಲಿ ಹೊರತಂದ ಪುಸ್ತಕ ಎರಡು ಮೂರು ತಲೆಮಾರಿನ ರಸಾಯನಶಾಸ್ತ್ರಜ್ಞರಿಗೆ ಪಾರಾಯಣ ಗ್ರಂಥವಾಗಿತ್ತು. 1951ರಲ್ಲಿ ಮಾಸ್ಕೋದಲ್ಲಿ ಸೋವಿಯತ್ ರಸಾಯನಶಾಸ್ತ್ರಜ್ಞರ ಸಮ್ಮೇಳನವೇ ನಡೆದು, ಇಲ್ಲದ ರಚನೆಗಳನ್ನು ಕಲ್ಪಿಸಿಕೊಂಡು ಇರುವ ವಸ್ತುವನ್ನು ವಿವರಿಸುವ ಈ ಸಿದ್ಧಾಂತ ಬಂಡವಾಳಶಾಹಿಗಳ ಭಾವವಾದ ಎಂದು ಖಂಡನೆಯಾಯಿತು. ಅದನ್ನು ಬೆಂಬಲಿಸಿ ಪುಸ್ತಕ ಬರೆದಿದ್ದ ಅಲ್ಲಿಯವರೇ ಆದ ಸಿರ್ಕಿನ್ ಮತ್ತು ದ್ಯಾತ್ಕಿನಾ ಬೈಸಿಕೊಂಡರು. ಅತ್ತ ರಷ್ಯನ್ನರು ಪೌಲಿಂಗನ ಸಿದ್ಧಾಂತವನ್ನು ಬಂಡವಾಳಶಾಹಿಯದೆಂದು ಜರೆಯುತ್ತಿದ್ದರೆ, ಇತ್ತ 1952ರಲ್ಲಿ ಅಮೆರಿಕ ಸರ್ಕಾರ ಅವನೇ ಕಮ್ಯುನಿಸ್ಟಿರಬಹುದೆಂದು ಅನುಮಾನಿಸಿ ಪಾಸ್‌ಪೋರ್ಟು ಕೊಡದೆ ಕೂರಿಸಿತು. ಎರಡು ಚಿತ್ರ, ಎರಡೂ ಸರಿಯಲ್ಲ. 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಾಗ ಅಂತೂ ಪಾಸ್‌ಪೋರ್ಟು ಸಿಕ್ಕಿತು.

ಉಳಿದ ಅಯಾನುಗಳನ್ನು ಬೇಗ ಮುಗಿಸಿದೆವು. ನೈಟ್ರೇಟು ಕಾರ್ಬೊನೇಟಿನ ತದ್ರೂಪು, 24 ಚುಕ್ಕಿ, ಮೂರು ಚಿತ್ರ. ಚಾರ್ಜು ಮಾತ್ರ ಒಂದೇ ಋಣ, ನಡುವಿನ ಸಾರಜನಕದ ಮೇಲೆ ಒಂದು ಧನ ಕೂರುತ್ತದೆ. ನೈಟ್ರೈಟಿಗೆ 18 ಚುಕ್ಕಿ, ಎರಡು ಚಿತ್ರ. ಅಮೋನಿಯಮ್ಮಿಗೆ ಎಂಟೇ ಚುಕ್ಕಿ, ಒಂದೇ ಚಿತ್ರ. ಅದನ್ನು ಬರೆದಾಗ ಹುಡುಗಿಯ ಮುಖದಲ್ಲಿ ಆ ದಿನದ ಮೊದಲ ನಗು ಕಂಡಿತು.

ಸಲ್ಫೇಟು ಬಂದಾಗ ನಗು ಹೋಯಿತು. 32 ಚುಕ್ಕಿ. ನಾಲ್ಕೂ ಆಮ್ಲಜನಕಕ್ಕೆ ಒಂಟಿಗೆರೆ ಹಾಕಿದರೆ ಎಲ್ಲರಿಗೂ ಎಂಟೆಂಟು ಬಂದು ಒಂದೇ ಚಿತ್ರದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಗಂಧಕದ ಮೇಲೆ ಎರಡು ಧನ, ನಾಲ್ಕೂ ಆಮ್ಲಜನಕದ ಮೇಲೆ ಒಂದೊಂದು ಋಣ. ಇಷ್ಟೊಂದು ಚಾರ್ಜು ಕಣ್ಣಿಗೆ ಚೆನ್ನಾಗಿಲ್ಲವೆಂದು ಬಹಳ ಪುಸ್ತಕಗಳು ಎರಡು ಜೋಡಿಗೆರೆ ಎಳೆದು ಗಂಧಕದ ಸುತ್ತ ಹನ್ನೆರಡು ಎಲೆಕ್ಟ್ರಾನು ಕೂರಿಸುತ್ತವೆ. ಆಗ ಎರಡು ಜೋಡಿಗೆರೆಯನ್ನು ನಾಲ್ಕು ಜಾಗದಲ್ಲಿ ಆರು ಬಗೆಯಲ್ಲಿ ಇಡಬಹುದು, ಹಾಗಾಗಿ ಆರು ಚಿತ್ರ. ಈಚಿನ ಕ್ವಾಂಟಂ ಲೆಕ್ಕಾಚಾರಗಳು ಹಳೆಯ ಒಂಟಿಗೆರೆಯ ಕಡೆಗೇ ಹೆಚ್ಚು ವಾಲುತ್ತವೆ, ಗಂಧಕ ಹನ್ನೆರಡನ್ನು ಹೊತ್ತುಕೊಂಡಿದೆ ಎಂಬುದಕ್ಕೆ ಆಧಾರ ಕಡಿಮೆ. ನನ್ನ ಓಟು ಅದಕ್ಕೇ. "ಹಾಗಾದ್ರೆ ನಾನು ಯಾವುದು ಬರೀಲಿ?" ಎಂದಳು. "ನಿಮ್ಮ ಪುಸ್ತಕದಲ್ಲಿ ಯಾವುದಿದೆಯೋ ಅದು" ಎಂದೆ. ಸತ್ಯಕ್ಕಾಗಿ ನಿಲ್ಲುವ ನನ್ನ ಧೈರ್ಯ ಇಂಟರ್ನಲ್ ಪರೀಕ್ಷೆಯವರೆಗೆ ಮಾತ್ರ.

ನಮ್ಮ ಕಡೆಯವರಿಗೆ ಸಲ್ಫೇಟಿನ ಜೊತೆ ನಂಟು ಹಳೆಯದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಹೊಡೆಸಲು ಕಲಿಸಿದ. ಇವತ್ತಿಗೂ ಮಳೆ ಬಿಡುವು ಕೊಟ್ಟ ದಿನ ಕೊನೆಗೌಡ ಮರ ಏರುತ್ತಾನೆ, ಕೆಳಗೆ ನಿಂತವರ ತಲೆಯೆಲ್ಲ ನೀಲಿ. ರೋಗ ತಡೆಯುವುದು ಅದರೊಳಗಿನ ತಾಮ್ರ. ಸಲ್ಫೇಟು ತಾಮ್ರವನ್ನು ತೋಟದವರೆಗೆ ತಲುಪಿಸಿ ಮಳೆನೀರಿನಲ್ಲಿ ಇಳಿದುಹೋಗುತ್ತದೆ. ಒಂದು ಚಿತ್ರವೋ ಆರೋ ಎಂದು ಅದನ್ನು ಯಾರೂ ಕೇಳಿಲ್ಲ.

ಒಂದು ಎಚ್ಚರಿಕೆ ಹೇಳದೆ ಬಿಟ್ಟರೆ ತಪ್ಪಾದೀತು. ಈ ಆಟದಲ್ಲಿ ಚುಕ್ಕಿಯನ್ನು ಸರಿಸಬಹುದು, ಗೆರೆಯನ್ನು ಸರಿಸಬಹುದು, ಪರಮಾಣುವನ್ನು ಮಾತ್ರ ಅಲುಗಿಸಬಾರದು. ಪರಮಾಣು ಜಾಗ ಬದಲಿಸಿದರೆ ಅದು ಬೇರೆಯೇ ವಸ್ತು. ಆಮ್ಲಜನಕ, ಇಂಗಾಲ, ಸಾರಜನಕ ಈ ಕ್ರಮದಲ್ಲಿ ನಿಂತರೆ ಸಯನೇಟು. ಇಂಗಾಲವನ್ನು ತುದಿಗೆ ತಳ್ಳಿ ಸಾರಜನಕವನ್ನು ನಡುವೆ ಕೂರಿಸಿದರೆ ಫಲ್ಮಿನೇಟು. 1820ರ ದಶಕದಲ್ಲಿ ವೋಲರ್ ಬೆಳ್ಳಿಯ ಸಯನೇಟನ್ನೂ ಲೀಬಿಗ್ ಬೆಳ್ಳಿಯ ಫಲ್ಮಿನೇಟನ್ನೂ ಬೇರೆ ಬೇರೆಯಾಗಿ ವಿಶ್ಲೇಷಿಸಿದಾಗ ಇಬ್ಬರಿಗೂ ಒಂದೇ ಲೆಕ್ಕ ಬಂತು. ಒಂದೇ ಸರಕು, ಒಂದೇ ತೂಕ, ಗುಣ ಮಾತ್ರ ಅಜಗಜಾಂತರ. ವೋಲರ್ ಮುಂದೆ 1828ರಲ್ಲಿ ಅಮೋನಿಯಂ ಸಯನೇಟಿನಿಂದ ಯೂರಿಯಾ ಮಾಡಿ ಹೆಸರಾದ. ಬೆಳ್ಳಿಯ ಫಲ್ಮಿನೇಟು ಹಬ್ಬದಲ್ಲಿ ಮಕ್ಕಳು ನೆಲಕ್ಕೆಸೆದು ಚಟ್ಟೆನ್ನಿಸುವ ಪುಟ್ಟ ಕಾಗದದ ಪಟಾಕಿಯಲ್ಲಿದೆ. ಆದ್ದರಿಂದ ಚಿತ್ರ ಬರೆಯುವಾಗ ಅಂದಕ್ಕೆಂದು ಪರಮಾಣುಗಳನ್ನು ಅತ್ತಿತ್ತ ಮಾಡಬೇಡಿ.

ಕೆಲವು ಪುಸ್ತಕಗಳು ಈ ಮೂರು ಚಿತ್ರದ ರಗಳೆಯೇ ಬೇಡವೆಂದು ಇಂಗಾಲದಿಂದ ಮೂರು ಕಡೆಗೂ ಒಂದು ಪೂರ್ತಿ ಗೆರೆ, ಅದರ ಪಕ್ಕ ಒಂದು ತುಂಡುತುಂಡು ಗೆರೆ ಎಳೆದು ಒಂದೇ ಚಿತ್ರದಲ್ಲಿ ಮುಗಿಸುತ್ತವೆ. ನನ್ನಾಕೆ ಕೇಳಿದ್ದು ಅದನ್ನೇ ಇರಬೇಕು. ನಿಜಕ್ಕೆ ಅದೇ ಹೆಚ್ಚು ಹತ್ತಿರ. ಆದರೆ ಆ ತುಂಡುಗೆರೆಯಲ್ಲಿ ಎಷ್ಟು ಎಲೆಕ್ಟ್ರಾನು ಇವೆ ಎಂದು ಎಣಿಸಲು ಬಾರದು. ಸುಳ್ಳು ಚಿತ್ರ ಮೂರರಲ್ಲೂ 24 ಚುಕ್ಕಿ ಸರಿಯಾಗಿ ಸಿಗುತ್ತವೆ, ನಿಜದ ಚಿತ್ರದಲ್ಲಿ ಲೆಕ್ಕ ಸಿಗುವುದಿಲ್ಲ. ನಾನು ಬ್ಯಾಂಕಿನವನು, ಟ್ಯಾಲಿ ಆಗುವುದರ ಕಡೆಗೇ ನನ್ನ ಒಲವು. ಕಲಿಯುವವರು ಮೂರನ್ನು ಬರೆಯಲಿ, ಮನಸ್ಸಿನಲ್ಲಿ ಒಂದನ್ನು ಇಟ್ಟುಕೊಳ್ಳಲಿ.

ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಇಷ್ಟನ್ನು ಅವರ ಕಿವಿಗೆ ಹಾಕಿ: ಮೊದಲು ಚುಕ್ಕಿ ಎಣಿಸಲಿ, ಋಣ ಚಾರ್ಜಿಗೆ ಕೂಡಲಿ, ಬಾಣ ಎರಡು ತಲೆಯದ್ದೇ ಹಾಕಲಿ. ಎಲ್ಲ ಸರಿ ಬರೆದು ಕೊನೆಯಲ್ಲಿ ಬ್ರ್ಯಾಕೆಟ್ಟಿನ ಹೊರಗೆ ಚಾರ್ಜು ಬರೆಯುವುದನ್ನು ಮರೆತು ಬರುವ ಮಕ್ಕಳೇ ಹೆಚ್ಚು. ಚಾರ್ಜು ಇಲ್ಲದಿದ್ದರೆ ಅದು ಅಯಾನೇ ಅಲ್ಲ, ಮಾರ್ಕು ಕೊಡುವುದಿಲ್ಲ.